ಮೂರನೆಯ ದಿನದ ಗುದ್ದಲಿ

ನನ್ನ ಅಕ್ಕನ ಮಗ ದಾರ್ ಎಸ್ ಸಲಾಮಿನಲ್ಲಿ ಲೆಕ್ಕ ಬರೆಯುತ್ತಾನೆ. ಲೆಕ್ಕ ನಮ್ಮ ಮನೆತನಕ್ಕೆ ಅಂಟಿದ ಜಡ್ಡು. ನಾನೂ ಹುಮನಾಬಾದಿನ ಗಂಜಿನಲ್ಲಿ, ಒಂದು ಅಡತಿ ಅಂಗಡಿಯ ಗಾದಿಯ ಮೇಲೆ ಕೂತು 34 ವರ್ಷ ಖಾತೆ ಕಿರ್ದಿ ಬರೆದವನು. ಅವನದು ಕಂಪ್ಯೂಟರು, ನನ್ನದು ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಚೋಪಡಿ. ನಾಲ್ಕಾಣೆ ಎಲ್ಲಿ ತಪ್ಪಿತು ಎಂದು ಹುಡುಕುವ ರಾತ್ರಿ ಮಾತ್ರ ಇಬ್ಬರಿಗೂ ಒಂದೇ.

ಹೋದ ದೀಪಾವಳಿಗೆ ಊರಿಗೆ ಬಂದವನು ನಮ್ಮ ಮನೆಗೊಂದು, ಬಸವಕಲ್ಯಾಣದಲ್ಲಿರುವ ತನ್ನ ಅವ್ವನಿಗೊಂದು ಬಟ್ಟೆ ತಂದಿದ್ದ. ಸೀರೆಗಿಂತ ಗಿಡ್ಡ, ಟಾವೆಲಿಗಿಂತ ದೊಡ್ಡದು. ಸುತ್ತಲೂ ಅಗಲ ಅಂಚು, ನಡುವೆ ನಮ್ಮ ಸೀರೆಯ ಮಾವಿನಕಾಯಿಯೇ ಇರಬೇಕು ಅನ್ನಿಸುವ ಗೇರುಬೀಜ, ಅದರ ಕೆಳಗೆ ಒಂದು ಪಟ್ಟಿಯೊಳಗೆ ದೊಡ್ಡ ಇಂಗ್ಲಿಷ್ ಅಕ್ಷರಗಳು. ಇದಕ್ಕೆ ಕಾಂಗಾ ಅನ್ನುತ್ತಾರಂತೆ. ಪೂರ್ವ ಆಫ್ರಿಕಾದ ಹೆಂಗಸರು ಸೊಂಟಕ್ಕೆ ಸುತ್ತುತ್ತಾರೆ, ತಲೆಗೆ ಹೊದೆಯುತ್ತಾರೆ, ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಾರೆ. ಇಂಥವು ಎಷ್ಟೋ ನಮ್ಮ ಭಾರತದಲ್ಲೇ ಅಚ್ಚಾಗಿ ಅಲ್ಲಿಗೆ ಹೋಗುತ್ತವೆಂದು ಅಳಿಯ ಹೇಳಿದ. ಹಾಗಾದರೆ ಇದು ಗಂಡನ ಮನೆಯಿಂದ ತವರಿಗೆ ಬಂದ ಮಗಳು ಎಂದುಕೊಂಡೆ.

ಮೊಮ್ಮಗಳು ಅಕ್ಷರ ಕೂಡಿಸಿ ಓದಿದಳು: ‘ಹಾಬಾ ನಾ ಹಾಬಾ ಹುಜಾಜಾ ಕಿಬಾಬಾ.’

“ಕಿಬಾಬಾ ಅಂದ್ರ ಯಾರ್ರೀ? ಅಲ್ಲಿ ದೇವ್ರೇನು?” ಎಂದು ನಮ್ಮ ಮನೆಯಾಕೆ ಕೇಳಿದಳು. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಊರ ಪಕ್ಕದಲ್ಲೇ ಮಾಣಿಕನಗರ. ಮಾಣಿಕಪ್ರಭುಗಳ ಸನ್ನಿಧಿಗೆ ಹಿಂದೂ ಮುಸಲ್ಮಾನರೆನ್ನದೆ ಜನ ಬರುವುದನ್ನು ಹುಟ್ಟಿದಾಗಿನಿಂದ ನೋಡಿದವಳಿಗೆ, ಸಮುದ್ರದಾಚೆ ಇನ್ನೊಬ್ಬ ಬಾಬಾ ಇದ್ದರೆ ಆಶ್ಚರ್ಯವೇನು? ಬಟ್ಟೆಯನ್ನು ಮಡಚಿ ದೇವರ ಜಗುಲಿಯ ಮೇಲಿಟ್ಟು ಕುಂಕುಮ ಹಚ್ಚಿದಳು. ಮರುದಿನ ಅಳಿಯ ನೋಡಿ ನಕ್ಕೂ ನಕ್ಕೂ, “ಬಾಬಾ ಅಲ್ಲ ಅತ್ತಿ, ಕಾಳು ಅಳೆಯೋ ಮಾಪು ಅದು,” ಅಂದ. ಆಕೆ ಒಂದಿಷ್ಟೂ ಪೆಚ್ಚಾಗದೆ, “ಮಾಪಂದ್ರ ಲಕ್ಷ್ಮಿ. ಇರ್ಲಿ ಅಲ್ಲೇ,” ಅಂದಳು. ಇವತ್ತಿಗೂ ಅಲ್ಲೇ ಇದೆ.

ಚೂರು ಚೂರು ಕೂಡಿ ಕಿಬಾಬಾ ತುಂಬುತ್ತದೆ ಎಂದು ಆ ಸ್ವಾಹಿಲಿ ಮಾತಿನ ಅರ್ಥ. ಅಂದರೆ ನಮ್ಮ ‘ಹನಿಹನಿಗೂಡಿದರೆ ಹಳ್ಳ, ತೆನೆತೆನೆಗೂಡಿದರೆ ಬಳ್ಳ’ದ ಕೊನೆಯ ಅರ್ಧ. ಅವರು ಹಳ್ಳ ಬಿಟ್ಟು ಬಳ್ಳ ಇಟ್ಟುಕೊಂಡರು. ನಮ್ಮ ಗಡಿಯ ಮರಾಠಿ ಮಂದಿ ‘ಥೇಂಬೇ ಥೇಂಬೇ ತಳೇ ಸಾಚೇ’ ಎಂದು ಹನಿ ಹನಿ ಕೂಡಿಸಿ ಕೆರೆ ತುಂಬಿಸಿದರು, ಬಳ್ಳದ ಗೋಜಿಗೆ ಹೋಗಲಿಲ್ಲ. ಕನ್ನಡದವರು ಮಾತ್ರ ನೀರನ್ನೂ ಬಿಡಲಿಲ್ಲ, ಕಾಳನ್ನೂ ಬಿಡಲಿಲ್ಲ. ಗಂಜಿನಲ್ಲಿ ಕೂತವನಿಗೆ ಈ ಗಾದೆಯ ಇನ್ನೊಂದು ಮಗ್ಗುಲೂ ಗೊತ್ತು. ಮಾಲು ನೋಡುತ್ತೇನೆಂದು ಬಂದವರೆಲ್ಲ ರೈತನ ಚೀಲದಿಂದ ಒಂದೊಂದು ಮುಷ್ಟಿ ತೆಗೆದು, ಉಫ್ ಎಂದು ಊದಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಪಕ್ಕದ ಗುಡ್ಡೆಗೆ ಚೆಲ್ಲುತ್ತಾರೆ. ಸಂಜೆಗೆ ಅದೂ ಬಳ್ಳವೇ.

ತೂಕದ ಮಾತು ಬಂತು. ಘಾನಾದ ಅಕಾನ್ ಜನ ಹಿಂದೆ ಚಿನ್ನದ ಪುಡಿಯನ್ನೇ ನಾಣ್ಯದ ಹಾಗೆ ನಡೆಸುತ್ತಿದ್ದರು. ಅದನ್ನು ತೂಗಲು ಅವರು ಮಾಡಿಕೊಂಡ ಹಿತ್ತಾಳೆಯ ಸಣ್ಣ ಸಣ್ಣ ತೂಕಗಳಲ್ಲಿ ಬಹಳಷ್ಟು ಒಂದೊಂದು ಗಾದೆಯ ಗೊಂಬೆ. ಕತ್ತು ಹೊರಳಿಸಿ ಬೆನ್ನ ಹಿಂದೆ ನೋಡುವ ಒಂದು ಹಕ್ಕಿಯಿದೆ. ಮರೆತದ್ದನ್ನು ಮರಳಿ ಹೋಗಿ ತಂದರೆ ತಪ್ಪಿಲ್ಲ ಎಂದು ಅದರ ಮಾತು. ನಮ್ಮ ತಕ್ಕಡಿಗೆ ಹಾಕುತ್ತಿದ್ದ ಕಬ್ಬಿಣದ ಕಲ್ಲುಗಳ ಮೇಲೆ ಸರಕಾರದ ಮುದ್ರೆ ಮಾತ್ರ ಇರುತ್ತಿತ್ತು. ಗಾದೆ ಇದ್ದಿದ್ದರೆ ತೂಗುವವನ ಕೈ ಸ್ವಲ್ಪವಾದರೂ ನಡುಗುತ್ತಿತ್ತೇನೋ.

ಈ ಬಟ್ಟೆ ಮನೆಗೆ ಬಂದ ಮೇಲೆ ನನಗೆ ವಾಟ್ಸಾಪಿನಲ್ಲಿ ಬರುವ ‘ಆಫ್ರಿಕಾದ ಗಾದೆ’ಗಳ ಮೇಲೆ ಸಿಟ್ಟು ಶುರುವಾಗಿದೆ. ಸೂರ್ಯೋದಯದ ಚಿತ್ರ, ಅದರ ಮೇಲೊಂದು ಬುದ್ಧಿಮಾತು, ಕೆಳಗೆ ‘ಆಫ್ರಿಕಾದ ಗಾದೆ’. ಆಫ್ರಿಕಾದಲ್ಲಿ 54 ದೇಶಗಳಿವೆ, ಭಾಷೆಗಳು ಸಾವಿರ ದಾಟುತ್ತವೆ. ಯಾವ ಊರು, ಯಾವ ಭಾಷೆ, ಯಾರು ಯಾರಿಗೆ ಹೇಳಿದ್ದು? ‘ಅತ್ತೆಗೊಂದು ಕಾಲ ಸೊಸೆಗೊಂದು ಕಾಲ’ ಎಂಬುದನ್ನು ಮೊಂಬಾಸಾದಲ್ಲಿ ಯಾರಾದರೂ ‘ಏಷ್ಯಾದ ಗಾದೆ’ ಎಂದು ಕಳಿಸಿದರೆ ನಮ್ಮ ಅತ್ತೆಯರು ಸುಮ್ಮನಿರುತ್ತಾರೆಯೇ?

ಹಳಬರು ಇಂಥ ಕಳ್ಳಲೆಕ್ಕ ಬರೆಯಲಿಲ್ಲ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಶನ್ನಿನ ಶಾಲೆಯಲ್ಲಿ ಕಲಿತ ಮೂವರು ಪಾದ್ರಿಗಳನ್ನು ನೋಡಿ. ಕ್ರಾಫ್ ಎಂಬವನು 1844ರಲ್ಲಿ ಮೊಂಬಾಸಾ ಸೇರಿದ. ಅವನ ಸ್ವಾಹಿಲಿ ನಿಘಂಟು ಅವನು ಸತ್ತ ಮೇಲೆ 1882ರಲ್ಲಿ ಹೊರಬಂತು. ಕ್ರಿಸ್ಟಾಲರ್ ಎಂಬವನು ಘಾನಾಕ್ಕೆ ಹೋಗಿ 3,600 ಅಕಾನ್ ಗಾದೆಗಳನ್ನು ಕೂಡಿಸಿ 1879ರಲ್ಲಿ ಅಚ್ಚು ಹಾಕಿಸಿದ. ಮೂರನೆಯವನು ನಮ್ಮ ಕಿಟ್ಟೆಲ್. ಅವನ 1894ರ ನಿಘಂಟಿನಲ್ಲಿ ಒಂದು ಶಬ್ದ ಹುಡುಕಲು ಹೋದರೆ ನಾಲ್ಕು ಗಾದೆ ಅಡ್ಡ ಬರುತ್ತವೆ. ದೇವರ ಮಾತು ಹೇಳಲು ಹೊರಟವರು ಊರ ಮುದುಕಿಯರ ಮಾತು ಬರೆದುಕೊಳ್ಳುತ್ತ ಕೂತರು. ಯಾರು ಯಾರನ್ನು ಬದಲಿಸಿದರು ಎಂಬ ಲೆಕ್ಕ ನನ್ನ ಚೋಪಡಿಗೆ ಮೀರಿದ್ದು.

ಅಳಿಯ ಹೇಳಿಕೊಟ್ಟ ಸ್ವಾಹಿಲಿ ಮಾತುಗಳಲ್ಲಿ ಒಂದು ನನ್ನ ನಿದ್ದೆ ಕೆಡಿಸಿತು. ‘ಹರಾಕಾ ಹರಾಕಾ ಹೈನಾ ಬರಾಕಾ.’ ಅವಸರ ಅವಸರದಲ್ಲಿ ಬರಕತ್ತಿಲ್ಲ. ಬರಾಕಾ ನಮ್ಮ ಬರಕತ್ತೇ. ಎಷ್ಟು ದುಡಿದರೂ ಕೈಯಲ್ಲಿ ನಿಲ್ಲದವನನ್ನು ನೋಡಿ ನಾವೂ ‘ಬರಕತ್ ಇಲ್ಲ ನೋಡು’ ಅನ್ನುತ್ತೇವೆ. ಹರಾಕಾ ಕೂಡ ನಮ್ಮ ಸಾಬರ ಬಾಯಲ್ಲಿ ಹರ್ಕತ್ ಆಗಿ ಇದೆ. ಎರಡೂ ಅರಬ್ಬಿಯವೇ. ಒಂದು ಜೋಡಿ ಹಡಗು ಹತ್ತಿ ಆ ದಡಕ್ಕೆ ಹೋಯಿತು, ಒಂದು ಜೋಡಿ ಈ ದಡಕ್ಕೆ ಬಂತು. ಆದರೆ ಇಲ್ಲಿ ಅವೆರಡೂ ಕೂಡಿ ಹುಟ್ಟಿಸಿದ ಗಾದೆ ‘ಹರ್ಕತ್ ಮೇಂ ಬರ್ಕತ್’, ಕೈಕಾಲು ಆಡಿಸಿದರೇ ಬರಕತ್ತು! ಅಲ್ಲಿ ಇಲ್ಲವೆಂದದ್ದು ಇಲ್ಲಿ ಇದೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುತ್ತೇವೆ. ಇವೆರಡರಲ್ಲಿ ಯಾವುದೋ ಒಂದು ಸುಳ್ಳಾಗಲೇಬೇಕಲ್ಲ?

ಹೆದ್ದಾರಿಯ ಮೇಲೆ ಲಾರಿ ರಿಪೇರಿ ಮಾಡುವ ನನ್ನ ದೋಸ್ತನನ್ನು ಕೇಳೋಣವೆಂದು ಹೋದೆ. ಹುಮನಾಬಾದ್ ಎಂದರೆ ಹೈದರಾಬಾದಿಗೂ ಸೊಲ್ಲಾಪುರಕ್ಕೂ ನಡುವೆ ಲಾರಿಗಳು ಉಸಿರು ತೆಗೆದುಕೊಳ್ಳುವ ಊರು. ಗಾದೆಗಳನ್ನು ಕಾಸಿಲ್ಲದೆ ಓದಬೇಕೆಂದರೆ ಇಲ್ಲಿಯ ಚಹಾದಂಗಡಿಯ ಮುಂದೆ ಕೂತು ಲಾರಿಗಳ ಬೆನ್ನು ನೋಡಬೇಕು. ಕೆಟ್ಟ ಕಣ್ಣಿನವನಿಗೆ ಶಾಪ, ಅವ್ವನಿಗೆ ಆಶೀರ್ವಾದ, ಹಿಂದೆ ಬರುವವನಿಗೆ ‘ಹಾರ್ನ್ ಹೊಡಿ’ ಎಂಬ ಉಪದೇಶ. ಘಾನಾದ ಬಾಡಿಗೆ ವ್ಯಾನುಗಳ ಬೆನ್ನಿನ ಮೇಲೂ ಹೀಗೇ ಗಾದೆ ಬರೆಸುತ್ತಾರೆ. ನಾನು ಹೋದಾಗ ದೋಸ್ತ ಒಂದು ಲಾರಿಯ ಅಡಿಯಲ್ಲಿ ಮಲಗಿದ್ದ. ಅವನ ಕಾಲು ಮಾತ್ರ ಕಾಣುತ್ತಿತ್ತು. ಪಾನಾ ಹಿಡಿದುಕೊಂಡು ತೂಕಡಿಸುತ್ತಿದ್ದ ಹುಡುಗನಿಗೆ ಆ ಕಾಲು ಒದ್ದಿತು: “ಏ, ಹರ್ಕತ್ ಮೇಂ ಬರ್ಕತ್!” ಹುಡುಗ ಧಡಕ್ಕನೆ ಎದ್ದ. ಅರ್ಧ ತಾಸು ಆಗಿರಲಿಲ್ಲ, ಲಾರಿಯ ಡ್ರೈವರ್ ಬಂದು, “ಚಾಚಾ, ಜಲ್ದಿ ಮಾಡ್ರಿ, ಸೊಲ್ಲಾಪುರ ಮುಟ್ಟಬೇಕು,” ಅಂದ. ಲಾರಿಯ ಅಡಿಯಿಂದ ಅದೇ ಬಾಯಿ ಹೇಳಿತು: “ಜಲ್ದೀ ಕಾ ಕಾಮ್ ಶೈತಾನ್ ಕಾ. ಕೂಡ್ರು, ಚಹಾ ಕುಡಿ.”

ನಾನು ಏನೂ ಕೇಳದೆ ಚಹಾ ಕುಡಿದು ಬಂದೆ.

ಗಾದೆ ಸುಳ್ಳಾಗದು ಎಂಬುದರ ಗುಟ್ಟು ಇಷ್ಟೇ ಇರಬೇಕು. ಗಾದೆಗಳೆಂದರೆ ಕೀಲಿಕೈಗಳ ಗೊಂಚಲು, ಹಿಡಿದವನು ಎದುರಿಗಿರುವ ಬೀಗ ನೋಡಿ ಒಂದನ್ನು ತೆಗೆಯುತ್ತಾನೆ. ನಮ್ಮ ಆಯಿ ಈ ವಿದ್ಯೆಯಲ್ಲಿ ಪಂಡಿತೆ. ಬದುಕಿದ ಎಂಬತ್ತು ವರ್ಷದಲ್ಲಿ ಸೊಸೆಗೆ ನೇರವಾಗಿ ಒಂದು ಮಾತು ಅಂದವಳಲ್ಲ. ಅಂಗಳದಲ್ಲಿ ಕೂತ ಬೆಕ್ಕಿಗೆ ಅನ್ನುತ್ತಿದ್ದಳು, ಒಲೆಯ ಮೇಲಿನ ಹಂಚಿಗೆ ಅನ್ನುತ್ತಿದ್ದಳು, ಬಹಳ ಆದರೆ ತವರಿಗೆ ಬಂದ ಮಗಳಿಗೆ ಅನ್ನುತ್ತಿದ್ದಳು. ಮರಾಠಿಯಲ್ಲಿ ಇದಕ್ಕೂ ಗಾದೆಯಿದೆ, ‘ಲೇಕೀ ಬೋಲೇ ಸುನೇ ಲಾಗೇ’. ಅಂದದ್ದು ಮಗಳಿಗೆ, ತಾಗಿದ್ದು ಸೊಸೆಗೆ. ನಮ್ಮವ್ವ ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಳ್ಳುತ್ತಿದ್ದಳು. ಅವಳ ಉತ್ತರ ಬಡಿತದಲ್ಲಿ ಇರುತ್ತಿತ್ತು. ಮೆತ್ತಗೆ ತಟ್ಟಿದರೆ ಒಪ್ಪಿಗೆ, ಕೊಣಮಿಗೆ ತಳ ಒಡೆಯುವ ಹಾಗೆ ಬಡಿದರೆ ‘ನಿಂದೂ ಗೊತ್ತದ’ ಎಂದು ಅರ್ಥ.

ಕಾಂಗಾದ ಕೆಲಸವೂ ಇದೇ ಎಂದು ತಿಳಿದಾಗ ನನಗೆ ಆಯಿಯ ನೆನಪು ಒತ್ತಿ ಬಂತು. ಅಲ್ಲಿಯ ಹೆಂಗಸರು ಯಾವ ಮಾತಿನ ಬಟ್ಟೆ, ಯಾವ ದಿನ, ಯಾರ ಮುಂದೆ ಉಡಬೇಕೆಂದು ಲೆಕ್ಕ ಹಾಕಿ ಉಡುತ್ತಾರಂತೆ. ಬಾಯಿ ಬಡಕ ನೆರೆಯವಳ ಮುಂದೆ ಒಂದು ಬಟ್ಟೆ ಉಟ್ಟು ನಾಲ್ಕು ಹೆಜ್ಜೆ ಓಡಾಡಿ ಬಂದರೆ ಮುಗಿಯಿತು. ಕೇಳಿದರೆ, ‘ನಾನೇನಂದೆ? ಬಣ್ಣ ಚಲೋ ಇತ್ತು, ಉಟ್ಟೆ.’ ನಮ್ಮ ಆಯಿಗೆ ಇಂಥದೊಂದು ಪೆಟ್ಟಿಗೆ ತುಂಬ ಸಿಕ್ಕಿದ್ದರೆ ಬೆಕ್ಕಿಗೆ ಎಷ್ಟು ವಿಶ್ರಾಂತಿ ಸಿಗುತ್ತಿತ್ತು!

ಎಳ್ಳಮಾಸಿಗೆ ಅಕ್ಕ ಕರೆದಳು. ಬೀದರ ಜಿಲ್ಲೆಯಲ್ಲಿ ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ರಾಜೇಶ್ವರ ದಾಟಿ, ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ಬಸ್ಸು ಬಸವಕಲ್ಯಾಣದ ಕಡೆ ಹೊರಳಿತು. ಅಕ್ಕನ ಹೊಲದಲ್ಲಿ ಜೋಳದ ಕಣಿಕೆಯ ಕೊಂಪೆ ಹಾಕಿ ಪೂಜೆ ಮಾಡಿ, ಚರಗ ಚೆಲ್ಲಿ ಬಂದು ಕೂತೆವು. ಅಕ್ಕ ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಳು. ಅಳಿಯ ತಂದ ಕಾಂಗಾ! ಅದರ ಕೆಳಗೆ ಕಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಒಂದು ಕೊಡದಲ್ಲಿ ಅಂಬಲಿ, ಪಾತೇಲಿಯಲ್ಲಿ ಭಜ್ಜಿ. ಭಜ್ಜಿಯೆಂದರೆ ಬೆಂಗಳೂರಿನವರು ಎಣ್ಣೆಯಲ್ಲಿ ಕರಿದದ್ದು ಅಂದುಕೊಂಡಾರು. ಇದು ಹಸಿ ಕಾಳು, ತಪ್ಪಲು, ಗಜ್ಜರಿ, ಬದನೆ ಎಲ್ಲ ಹಾಕಿ ಹುಣಸೆ ಹಿಂಡಿ ಬೇಯಿಸಿದ ಪಲ್ಯ. ವರುಷಕ್ಕೊಮ್ಮೆ ಮಾಡುವುದು, ಮೂರು ದಿನ ತಿನ್ನುವುದು.

ಬಟ್ಟೆಯ ಮೇಲೆ ಏನೋ ಉದ್ದಕ್ಕೆ ಬರೆದಿತ್ತು. ‘ಮ್‌ಗೇನಿ’ ಎಂದು ಶುರು. ಅಕ್ಕನಿಗೂ ಗೊತ್ತಿಲ್ಲ, ಮಾವನಿಗೂ ಗೊತ್ತಿಲ್ಲ. ಫೋಟೋ ತೆಗೆದು ಅಳಿಯನಿಗೆ ಕಳಿಸಿದೆ. ನೀಲಿ ಗೀಟು ಬರಲಿಲ್ಲ. ದುಡಿಯುವ ಮಂದಿ.

ತಟ್ಟೆ ನೋಡುತ್ತ ನನಗೆ ನಗು ಬಂತು. ಜೋಳ ಮೊದಲು ಪಳಗಿದ್ದು ಸುಡಾನಿನ ಕಡೆ, ಸಜ್ಜೆ ಪಶ್ಚಿಮ ಆಫ್ರಿಕಾದ ಮರಳಿನ ಅಂಚಿನಲ್ಲಿ. ಭಜ್ಜಿಯೊಳಗಿನ ಅಲಸಂದಿಯೂ ಆ ಕಡೆಯದೇ, ಹುಣಸೆಯ ಮರದ ತವರೂ ಆಫ್ರಿಕಾವೇ. ನಾಲ್ಕು ಸಾವಿರ ವರ್ಷದ ಹಿಂದಿನ ನೆಂಟರು. ‘ಅಕ್ಕಿ ತಿಂದವ ಹಕ್ಕಿ, ಜೋಳ ತಿಂದವ ತೋಳ’ ಎಂದು ಮೈಸೂರಿನ ಬೀಗರ ಮುಂದೆ ನಾವು ಮೀಸೆ ತಿರುವುವುದು ಪರವೂರ ಕಾಳಿನ ಬಲದಿಂದ! ರೊಟ್ಟಿಗೆ ಹಚ್ಚಿದ ಎಳ್ಳು ಮಾತ್ರ ಇಲ್ಲಿಯದು. ಹೇಳಿದರೆ ಮಾವ ನಂಬಲಿಲ್ಲ. “ಮತ್ತ ನಾವು ಅವರಿಗೇನು ಕೊಟ್ಟೀವಿ?” ಅಂದರು. ತೊಗರಿ ಕೊಟ್ಟಿದ್ದೇವೆ ಅಂದೆ. ಅದು ಈ ನೆಲದಲ್ಲೇ ಪಳಗಿ ಆ ಕಡೆ ಹೋದದ್ದು. ಮಾವನ ಮುಖ ಕೆಟ್ಟಿತು. “ಕೊಟ್ಟಿದ್ದು ತಪ್ಪಾತು,” ಅಂದರು.

ಅವರ ಸಿಟ್ಟು ನನಗೆ ಗೊತ್ತು. 2016ರಲ್ಲಿ ಭಾರತ ಮೊಜಾಂಬಿಕದೊಡನೆ ಬೇಳೆಕಾಳಿನ ಒಪ್ಪಂದ ಮಾಡಿಕೊಂಡಾಗಿನಿಂದ ಗಂಜಿನಲ್ಲಿ ‘ಆಫ್ರಿಕಾ ತೊಗರಿ’ ಎಂಬ ಮಾತು ಬಿದ್ದರೆ ರೈತರ ಎದೆ ಧಸಕ್ ಅನ್ನುತ್ತದೆ. ಹಡಗು ಇನ್ನೂ ಸಮುದ್ರದಲ್ಲಿರುತ್ತದೆ, ಇಲ್ಲಿ ಭಾವ ಇಳಿದಿರುತ್ತದೆ. ಮಾವನನ್ನು ಕೆಣಕೋಣವೆಂದು, ಅಳಿಯ ಹೇಳಿದ್ದ ಇನ್ನೊಂದು ಸ್ವಾಹಿಲಿ ಗಾದೆ ತೆಗೆದೆ. ‘ಹೂ ಬಿಡಲಾರದ ತೊಗರಿ ಬಿಸಿಲಿನ ಮೇಲೆ ಹಾಕಿತು.’ ನಮ್ಮ ‘ಕುಣಿಯಲಾರದವಳು ನೆಲ ಡೊಂಕು ಅಂದಳು’ ಎಂಬುದರ ಸೋದರ. ಗಂಜಿಗೆ ಬಾಕಿ ಕಟ್ಟಲು ಬಂದವರಿಂದ ‘ಈ ಸಲ ಹೂ ಉದರ್‍ಯಾವ್ರೀ’ ಎಂದು 34 ವರ್ಷ ಕೇಳಿದವನು ನಾನು.

ಮಾವ ರೊಟ್ಟಿ ಕೆಳಗಿಟ್ಟರು. “ಖರೇ ಉದುರ್ತಾವ. ಹೂ ಬಿಡೂ ಟೈಮಿನಾಗ ಮಂಜು ಬಿತ್ತಂದ್ರ ಮುಂಜಾನಿ ನೋಡ್ಬೇಕು, ನೆಲ ಎಲ್ಲಾ ಹಳದಿ. ನಿಮ್ಮ ಗಾದಿ ಬರದಾವ ಗಾದಿ ಮ್ಯಾಲೆ ಕುಂತಾವ ಇರ್ಬೇಕು, ಹೊಲಕ್ಕ ಬಂದಿಲ್ಲ.” ಗಾದಿಯ ಮೇಲೆ ಕೂತವನು ಯಾರೆಂದು ಎಲ್ಲರಿಗೂ ಗೊತ್ತಿತ್ತು. ನಾನು ಅಂಬಲಿ ಕುಡಿದೆ. ಗಿಡದ ಪರವಾಗಿ ವಾದಿಸುವವರು ಇದ್ದರೆ ಗಾದೆಯೂ ಸೋಲುತ್ತದೆ ಎಂದು ಆ ದಿನ ಖಾತೆಗೆ ಹಚ್ಚಿಕೊಂಡೆ.

ಎರಡನೆಯ ದಿನ ಮಾವ ಸಕ್ಕರೆ ಕಾಯಿಲೆಯ ನೆವದಲ್ಲಿ ಕೋಟೆಯ ಕಡೆ ನಡೆಸಿಕೊಂಡು ಹೋದರು. ಈ ಊರಿನಲ್ಲಿ ನಾಲ್ಕು ಹೆಜ್ಜೆ ನಡೆದರೆ ಎಂಟು ನೂರು ವರ್ಷ ಹಿಂದೆ ಸರಿಯುತ್ತದೆ. ಮಾತನ್ನು ದುಡಿಮೆಯವರು ಕೈಗೆತ್ತಿಕೊಂಡ ಊರಿದು. ದೋಣಿ ನಡೆಸುವ ಚೌಡಯ್ಯ, ಬಟ್ಟೆ ಒಗೆಯುವ ಮಾಚಿದೇವ, ಹಗ್ಗ ಹೊಸೆಯುವ ಚಂದಯ್ಯ. ಅವರ ಸಾಲುಗಳು ಇವತ್ತು ಇಲ್ಲಿಯ ಚಹಾದಂಗಡಿಯಲ್ಲಿ ಗಾದೆಗಳಾಗಿ ತಿರುಗುತ್ತವೆ. ಹೇಳುವವನಿಗೆ ಯಾರ ವಚನವೆಂದು ನೆನಪಿರುವುದಿಲ್ಲ, ಉದ್ರಿ ಕೇಳಿದವನ ಬಾಯಿ ಮುಚ್ಚಿಸಲು ಅದರ ಅಗತ್ಯವೂ ಬೀಳುವುದಿಲ್ಲ.

ಕೋಟೆಯ ಬಾಗಿಲ ನೆರಳಲ್ಲಿ ಕೂತಾಗ ನನಗೆ ದಿಲಾವರ್ ನೆನಪಾದ. 1657ರಲ್ಲಿ ಔರಂಗಜೇಬ, ಆಗಿನ್ನೂ ಶಾಹಜಾದ, ಮೊದಲು ಬೀದರ ಹಿಡಿದು ಆಮೇಲೆ ಕಲ್ಯಾಣಿಗೆ ಮುತ್ತಿಗೆ ಹಾಕಿದ. ವಿಜಾಪುರದ ಪರವಾಗಿ ಬೀದರ ಕಾದವನು ಸಿದ್ದಿ ಮರ್ಜಾನ್. ಈ ಕೋಟೆ ಕಾದವನು ದಿಲಾವರ್. ಇಬ್ಬರೂ ಹಬ್ಸಿಗಳು, ಆಫ್ರಿಕಾ ಮೂಲದವರು. ಬೀದರದ ಹೊರಗೆ ಹಬ್ಸಿ ಕೋಟ್ ಎಂಬ ದಿಬ್ಬದ ಮೇಲೆ ಅವರ ಸರದಾರರ ಗೋರಿಗಳು ಇವತ್ತಿಗೂ ಇವೆ. ಮರ್ಜಾನ್ ಮದ್ದು ಸಿಡಿದು ಮೈ ಸುಟ್ಟುಕೊಂಡು ಸತ್ತ. ದಿಲಾವರ್ ಬೇಸಿಗೆಯಿಂದ ಮಳೆಗಾಲದವರೆಗೆ ತಡೆದು, ಗೋಡೆ ಬಿರಿದ ಮೇಲೆ ಕೀಲಿಕೈ ಕೊಟ್ಟ. ದೊರೆ ಹಾಕಿದ ಕೂಳಿನ ಋಣ ತೀರಿಸುವುದಕ್ಕೆ ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತಿದೆ. ಜೋಳದ ತವರಿನ ಕಡೆಯ ಒಬ್ಬ ಕಲ್ಯಾಣದ ಗೋಡೆಯ ಮೇಲೆ ನಿಂತು ಜೋಳವಾಳಿ ತೀರಿಸಿದ. ಅವನ ಅಜ್ಜಿ ಅವನಿಗೆ ಹೇಳಿಕೊಟ್ಟ ಗಾದೆ ಯಾವುದಿತ್ತೋ. ಕೋಟೆಯೊಳಗಿನ ರಾತ್ರಿಗಳಲ್ಲಿ ಯಾವ ಭಾಷೆಯಲ್ಲಿ ಗೊಣಗಿಕೊಂಡನೋ. ಆನೆಗಳೆರಡು ಕಾದಿದರೆ ನೊಂದದ್ದು ಹುಲ್ಲು ಎಂಬ ಸ್ವಾಹಿಲಿ ಮಾತು ನನಗೆ ಅಲ್ಲೇ ಅರ್ಥವಾಯಿತು. ದಿಲ್ಲಿಯ ಆನೆ, ವಿಜಾಪುರದ ಆನೆ, ನಡುವೆ ನಮ್ಮೂರ ಜೋಳದ ಹೊಲ.

“ಏನ್ ಯೋಚನಿ ಮಾಡ್ಲತ್ತಿ?” ಎಂದು ಮಾವ ಕೇಳಿದರು. ಹಸಿವಾಗಿದೆ ಅಂದೆ. ಸುಳ್ಳೂ ಅಲ್ಲ.

ಮೂರನೆಯ ದಿನ ಮುಂಜಾನೆ ನಾನು ಪಡಸಾಲೆಯಲ್ಲಿ ಎರಡನೆಯ ಸಲದ ಚಹಾಕ್ಕೆ ಕಾಯುತ್ತಿದ್ದೆ. ಉಳಿದ ಭಜ್ಜಿ ಬಿಸಿಯಾಗುವ ವಾಸನೆ ಬರುತ್ತಿತ್ತು. ಫೋನು ಗುಂಯ್ ಅಂದಿತು. ಅಳಿಯ ಬರೆದಿದ್ದ: ‘ಮಾಮಾ, ಅರ್ಥ ಹೀಂಗದ. ಬೀಗರು ಎರಡು ದಿನ. ಮೂರನೇ ದಿನ ಕೈಯಾಗ ಗುದ್ದಲಿ ಕೊಡು.’ ಕೆಳಗೆ ಕಣ್ಣಲ್ಲಿ ನೀರು ಬರುವಂತೆ ನಗುವ ನಾಲ್ಕು ಮುಖಗಳು.

ಬುಟ್ಟಿ ಎದುರಿಗೇ ಇತ್ತು. ಬಟ್ಟೆಯ ಅಕ್ಷರಗಳು ಸರಿಯಾಗಿ ನನ್ನ ಕಡೆಗೇ ಮುಖ ಮಾಡಿದ್ದವು. ನಮ್ಮ ದೋಸ್ತನೂ ಇದನ್ನೇ ಅನ್ನುತ್ತಿರುತ್ತಾನೆ, ‘ಏಕ್ ದಿನ್ ಮೆಹಮಾನ್, ದೋ ದಿನ್ ಮೆಹಮಾನ್, ತೀಸ್ರೇ ದಿನ್ ಬಲಾಯೇ ಜಾನ್’. ಮೂರನೆಯ ದಿನ ಜೀವಕ್ಕೆ ಪೀಡೆ. ಅದಕ್ಕೆ ಹೋಲಿಸಿದರೆ ಸ್ವಾಹಿಲಿಯವರು ಎಷ್ಟೋ ಮರ್ಯಾದಸ್ಥರು. ಪೀಡೆ ಅನ್ನಲಿಲ್ಲ, ಕೆಲಸ ಕೊಟ್ಟರು. ನಾನು ಎದ್ದು ಹಿತ್ತಲಿಗೆ ಹೋದೆ. ನುಗ್ಗೆ ಸಸಿಗೆ ಅರ್ಧ ತೋಡಿ ಬಿಟ್ಟ ಕುಣಿಯಿತ್ತು, ಪಕ್ಕದಲ್ಲೇ ಗುದ್ದಲಿ ಒರಗಿತ್ತು. ನಾಲ್ಕು ಏಟು ಹಾಕುವಷ್ಟರಲ್ಲಿ ಅಕ್ಕ ಓಡಿ ಬಂದಳು.

“ಅಯ್ಯೋ ತಮ್ಮಾ, ಯಾರ್ ಹೇಳ್ಯಾರ ನಿನಗ? ನಡ ಹಿಡಿತದ, ಇಡು ಕೆಳಗ! ಮಂದಿ ನೋಡಿದ್ರ ಬೀಗರ ಕೈಲಿ ಕೆಲಸ ಮಾಡಸ್ತಾಳ ಅಂತಾರ.”

“ಯಾರೂ ಹೇಳಿಲ್ಲ, ಅಕ್ಕಾ. ಹರ್ಕತ್ ಮೇಂ ಬರ್ಕತ್,” ಅಂದೆ.

ಮಧ್ಯಾಹ್ನದ ಬಸ್ಸಿಗೆ ಹೊರಟೆ. ಬೇಡವೆಂದರೂ ಕೇಳದೆ ಅಕ್ಕ ಇಪ್ಪತ್ತು ಕಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಕಟ್ಟಲು ಕೈಗೆ ಸಿಕ್ಕಿದ್ದು ಅದೇ ಬಟ್ಟೆ. ಬಸ್ಸಿನ ಕಿಟಕಿಯ ಹತ್ತಿರ ಬಂದು, “ಜನವರಿಗೆ ವೀರಭದ್ರನ ಜಾತ್ರಿಗೆ ನಾನೂ ನಿಮ್ಮ ಮಾವಾನೂ ಬರ್ತೀವಿ. ಈ ಸಲ ಎಂಟು ದಿನ ಇರೋದೇ,” ಅಂದಳು. ಬಸ್ಸು ಹೊರಟಿತು.

ಮನೆಯಾಕೆ ಬಟ್ಟೆ ಒಗೆದು ಒಣಹಾಕಿ, ಬಣ್ಣ ಚಲೋ ಇದೆ, ಜಾತ್ರೆಯ ದಿನ ರೊಟ್ಟಿ ಬುಟ್ಟಿಗೆ ಇದನ್ನೇ ಮುಚ್ಚೋಣ ಅಂದಳು. ಅರ್ಥ ಏನೆಂದು ಕೇಳಿದಳು. ಅಳಿಯ ಇನ್ನೂ ಹೇಳಿಲ್ಲ ಅಂದೆ. ಆಕೆ ಅಡಿಗೆಮನೆಗೆ ಹೋದ ಮೇಲೆ ಬಟ್ಟೆಯನ್ನು ತೆಗೆದು, ಅಕ್ಷರಗಳು ಒಳಮಗ್ಗುಲಿಗೆ ಬರುವ ಹಾಗೆ ನಾಲ್ಕು ಮಡಿಕೆ ಮಾಡಿ, ದೇವರ ಜಗುಲಿಯ ಮೇಲೆ ಕಿಬಾಬಾನ ಕೆಳಗೆ ಇಟ್ಟೆ.